ಆರು ಅಂಕಗಳಲ್ಲಿ ಒಂದು ದೇಶ: ಸಾಂಸ್ಕೃತಿಕ ಆಯಾಮಗಳನ್ನು ಎಷ್ಟು ನಂಬಬಹುದು?

ಪ್ರಶ್ನೆ: ಹಲವು ದೇಶಗಳವರಿರುವ ತಂಡದಲ್ಲಿ ಕೆಲಸ ಮಾಡುತ್ತಿದ್ದೇನೆ. ಕಂಪನಿಯ ತರಬೇತಿಯಲ್ಲಿ ಪ್ರತಿ ದೇಶಕ್ಕೂ ಹಾಫ್‌ಸ್ಟೆಡ್ ಅವರ ಆರು ಅಂಕಗಳಿರುವ ಪಟ್ಟಿ ಕೊಟ್ಟು, ‘ಇಂಥ ದೇಶದವರು ಮೇಲಧಿಕಾರಿಗೆ ಎದುರು ಹೇಳುವುದಿಲ್ಲ, ಇಂಥವರು ನಿಯಮ ಬಿಟ್ಟು ಕದಲುವುದಿಲ್ಲ’ ಎಂದು ಹೇಳಿಕೊಟ್ಟರು. ನನ್ನ ಸಹೋದ್ಯೋಗಿಗಳಲ್ಲಿ ಹಲವರು ಆ ವಿವರಣೆಗೆ ಹೊಂದುವುದೇ ಇಲ್ಲ. ಎಂಬಿಎ ಪ್ರಬಂಧದಲ್ಲೂ ಇದೇ ಅಂಕಗಳನ್ನು ಬಳಸಬೇಕೆಂದಿದ್ದೇನೆ. ಈ ಸಿದ್ಧಾಂತಗಳು ಒಂದು ರಾಷ್ಟ್ರದ ಸಂಸ್ಕೃತಿಯನ್ನು ನಿಖರವಾಗಿ ವಿವರಿಸುತ್ತವೆಯೇ?

ಉತ್ತರ: ಇಲ್ಲ. ಆ ಅಂಕಗಳಿಂದ ತಿಳಿಯುವುದು ಇಷ್ಟು: ಕೆಲವು ನಿರ್ದಿಷ್ಟ ಪ್ರಶ್ನೆಗಳಿಗೆ ಒಂದು ದೇಶದವರು ಕೊಟ್ಟ ಉತ್ತರಗಳ ಸರಾಸರಿ, ಇನ್ನೊಂದು ದೇಶದವರ ಸರಾಸರಿಯಿಂದ ಎಷ್ಟು ದೂರದಲ್ಲಿದೆ. ಅದು ಉಪಯುಕ್ತ ಮಾಹಿತಿಯೇ. ಆದರೆ ಅದನ್ನೇ ಸಂಸ್ಕೃತಿ ಎನ್ನಲಾಗದು. ನಿಮ್ಮ ಪಕ್ಕದ ಕುರ್ಚಿಯಲ್ಲಿ ಕೂತವರ ಸ್ವಭಾವ ಎನ್ನುವುದಂತೂ ದೂರದ ಮಾತು. ನಿಮಗೆ ತರಬೇತಿ ಕೊಟ್ಟವರು ಸರಾಸರಿಯಿಂದ ನೇರವಾಗಿ ಆ ಕುರ್ಚಿಗೇ ಹಾರಿದ್ದಾರೆ.

ಆ ಆರು ಅಂಕಗಳು ಆರು ಆಯಾಮಗಳವು: ಅಧಿಕಾರ ಅಂತರ (ಮೇಲು-ಕೀಳನ್ನು ಜನ ಎಷ್ಟು ಸಹಜವೆಂದು ಒಪ್ಪುತ್ತಾರೆ), ವ್ಯಕ್ತಿವಾದ–ಸಮೂಹನಿಷ್ಠೆ, ಪುರುಷತ್ವ, ಅನಿಶ್ಚಿತತೆಯಿಂದ ದೂರವಿರುವ ಪ್ರವೃತ್ತಿ, ದೀರ್ಘಕಾಲೀನ ದೃಷ್ಟಿ, ಭೋಗ–ಸಂಯಮ. ಅವು ಹುಟ್ಟಿದ ರೀತಿ ಗೊತ್ತಾದರೆ ಅವುಗಳ ಮಿತಿ ತಾನಾಗಿಯೇ ಕಾಣುತ್ತದೆ. ಮೊದಲ ನಾಲ್ಕಕ್ಕೆ ನೆದರ್ಲೆಂಡ್ಸಿನ ಸಂಶೋಧಕ ಗೀರ್ಟ್ ಹಾಫ್‌ಸ್ಟೆಡ್ ಬಳಸಿದ್ದು ಐಬಿಎಂ ಕಂಪನಿ ತನ್ನ ನೌಕರರ ಮನೋಭಾವ ಅರಿಯಲು 1967ರಿಂದ 1973ರ ನಡುವೆ ನಡೆಸಿದ ಸಮೀಕ್ಷೆಗಳನ್ನು. ಒಟ್ಟು ಸುಮಾರು 1,16,000 ಪ್ರಶ್ನಾವಳಿಗಳು. ಕೇಳಲು ದೊಡ್ಡ ಸಂಖ್ಯೆ. ದೇಶವಾರು ಹಂಚಿಕೆ ನೋಡಿದರೆ ಚಿತ್ರ ಬದಲಾಗುತ್ತದೆ. 1980ರಲ್ಲಿ ಅವರು ಪ್ರಕಟಿಸಿದ ವಿಶ್ಲೇಷಣೆಯಲ್ಲಿ ಇದ್ದದ್ದು 40 ದೇಶಗಳು. ಸಮೀಕ್ಷೆಯ ಎರಡೂ ಸುತ್ತಿನಲ್ಲಿ ಸಾವಿರಕ್ಕಿಂತ ಹೆಚ್ಚು ಉತ್ತರ ಸಿಕ್ಕಿದ್ದು ಆರು ದೇಶಗಳಲ್ಲಿ ಮಾತ್ರ ಎಂದು ಸಂಶೋಧಕ ಬ್ರೆಂಡನ್ ಮೆಕ್‌ಸ್ವೀನಿ 2002ರ ತಮ್ಮ ಖಾರವಾದ ವಿಮರ್ಶೆಯಲ್ಲಿ ಎತ್ತಿ ತೋರಿಸಿದರು. ಪಾಕಿಸ್ತಾನದಲ್ಲಿ ಮೊದಲ ಸುತ್ತಿಗೆ ಉತ್ತರಿಸಿದವರು 37 ಮಂದಿ, ಎರಡನೆಯದಕ್ಕೆ 70.

ಹಾಫ್‌ಸ್ಟೆಡ್ ಅವರ ಸಮರ್ಥನೆ ಹೀಗಿತ್ತು: ಎಲ್ಲರೂ ಒಂದೇ ಕಂಪನಿಯವರು, ಒಂದೇ ಬಗೆಯ ಕೆಲಸದವರು, ಹಾಗಾಗಿ ಉತ್ತರಗಳಲ್ಲಿ ಉಳಿಯುವ ವ್ಯತ್ಯಾಸಕ್ಕೆ ರಾಷ್ಟ್ರೀಯತೆಯೇ ಕಾರಣ. ವಾದ ಜಾಣತನದ್ದು, ಪೂರ್ತಿ ತಳ್ಳಿಹಾಕುವಂಥದ್ದಲ್ಲ. ದೇಶ-ದೇಶಗಳ ನಡುವಿನ ಅಂತರ ಅಳೆಯಲು ಹೀಗೆ ಹೊಂದಿಸಿದ ಮಾದರಿ ನಡೆಯುತ್ತದೆ. ಆದರೆ ಆ ಅಂತರದ ಅಂಕವನ್ನೇ ಇಡೀ ದೇಶದ ಗುಣವೆಂದು ಓದಿದಾಗ, ಆ ಕಾಲದ ಬಹುರಾಷ್ಟ್ರೀಯ ಕಂಪ್ಯೂಟರ್ ಕಂಪನಿಯ ನೌಕರರು ತಮ್ಮ ದೇಶದ ರೈತರನ್ನೂ ಕಾರ್ಮಿಕರನ್ನೂ ಗೃಹಿಣಿಯರನ್ನೂ ಪ್ರತಿನಿಧಿಸುತ್ತಾರೆ ಎಂದು ಒಪ್ಪಿಕೊಂಡಂತಾಯಿತು.

ಇನ್ನು ಅಂಕ ಹಾಕುವ ಬಗೆ. ‘ಅಧಿಕಾರ ಅಂತರ’ದ ಸೂಚ್ಯಂಕ ನಿಂತಿರುವುದು ಮೂರೇ ಪ್ರಶ್ನೆಗಳ ಮೇಲೆ. ಒಂದು, ಮೇಲಧಿಕಾರಿಯ ಮಾತಿಗೆ ಅಸಮ್ಮತಿ ಹೇಳಲು ನೌಕರರು ಎಷ್ಟು ಸಲ ಹೆದರುತ್ತಾರೆ, 1ರಿಂದ 5ರ ಅಳತೆಯಲ್ಲಿ, 1 ಎಂದರೆ ತೀರಾ ಆಗಾಗ. ಎರಡು, ನಿಮ್ಮ ಅಧಿಕಾರಿ ಸರ್ವಾಧಿಕಾರಿ ಅಥವಾ ಹಿರಿತನದಿಂದ ಒಪ್ಪಿಸುವ ಬಗೆಯವರು ಎಂದವರು ಶೇಕಡಾ ಎಷ್ಟು. ಮೂರು, ಕೇಳಿ ಸಮಾಲೋಚಿಸುವ ಅಧಿಕಾರಿ ಬೇಕು ಎಂದವರು ಶೇಕಡಾ ಎಷ್ಟು. ಸೂತ್ರ: 135ರಿಂದ ಮೊದಲನೆಯದರ ಸರಾಸರಿಯ 25 ಪಟ್ಟನ್ನು ಕಳೆದು, ಎರಡನೆಯದನ್ನು ಕೂಡಿಸಿ, ಮೂರನೆಯದನ್ನು ಕಳೆಯುವುದು. ಸರಾಸರಿ 3, ಎರಡನೆಯದು ಶೇ. 50, ಮೂರನೆಯದು ಶೇ. 60 ಎಂದಿಟ್ಟುಕೊಳ್ಳಿ: 135 – 75 + 50 – 60, ಅಂದರೆ 50. ಈಗ 37 ಜನರ ಗುಂಪಿನಲ್ಲಿ 4 ಜನ ಎರಡನೆಯ ಪ್ರಶ್ನೆಗೆ ಉತ್ತರ ಬದಲಿಸಿದರೆ ಸೂಚ್ಯಂಕ ಸುಮಾರು 11 ಅಂಕ ಸರಿಯುತ್ತದೆ. ಹಾಗಿರುವಾಗ ಪಾಕಿಸ್ತಾನ 55, ಜಪಾನ್ 54 ಎಂಬ ಸಾಲುಗಳನ್ನು ನೋಡಿ ಯಾರು ಮೇಲೆ ಯಾರು ಕೆಳಗೆ ಎಂದು ಚರ್ಚಿಸುವುದರಲ್ಲಿ ಅರ್ಥವಿಲ್ಲ. ಹತ್ತು ಹದಿನೈದು ಅಂಕಗಳ ಒಳಗಿನ ಅಂತರವನ್ನು ಅಂತರವೇ ಅಲ್ಲ ಎಂದುಕೊಂಡು ಪಟ್ಟಿ ಓದುವುದು ಕ್ಷೇಮ.

135 ಎಂಬ ಸ್ಥಿರಾಂಕಕ್ಕೆ ಯಾವ ಸಾಂಸ್ಕೃತಿಕ ಅರ್ಥವೂ ಇಲ್ಲ. ಅಂಕಗಳು ಹೆಚ್ಚುಕಡಿಮೆ 0ರಿಂದ 100ರೊಳಗೆ ಬರಲಿ ಎಂದು ಇಟ್ಟ ಸಂಖ್ಯೆ ಅದು. ಬೇರೊಂದು ಆಯಾಮದಲ್ಲಿ ಗ್ರೀಸ್ 112 ತಲುಪಿರುವುದೂ ಇಂಥದ್ದೇ ಇನ್ನೊಂದು ಸ್ಥಿರಾಂಕದಿಂದ. ಆದ್ದರಿಂದ ‘ಈ ದೇಶಕ್ಕೆ 77’ ಎಂಬ ಒಂಟಿ ಮಾತು ಏನನ್ನೂ ಹೇಳದು. ಒಂದೇ ಅಧ್ಯಯನದ ಎರಡು ದೇಶಗಳ ನಡುವಿನ ವ್ಯತ್ಯಾಸ ಮಾತ್ರ ಏನನ್ನಾದರೂ ಹೇಳೀತು.

ಹಣೆಪಟ್ಟಿಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ‘ಪುರುಷತ್ವ’ ಎಂಬ ಆಯಾಮದಲ್ಲಿ ಜಪಾನ್ 95, ಸ್ವೀಡನ್ 5. ಓದಿದವರಿಗೆ ಇದು ಗಂಡು-ಹೆಣ್ಣಿನ ಸ್ಥಾನಮಾನದ ಅಳತೆ ಅನ್ನಿಸುತ್ತದೆ. ಪ್ರಶ್ನೆಗಳು ಕೇಳಿದ್ದು ಬೇರೆ: ಒಂದು ಕಡೆ ಸಂಬಳ, ಮನ್ನಣೆ, ಬಡ್ತಿ, ಸವಾಲಿನ ಕೆಲಸ, ಇನ್ನೊಂದು ಕಡೆ ಅಧಿಕಾರಿಯೊಡನೆ ಒಳ್ಳೆಯ ಸಂಬಂಧ, ಸಹಕಾರ, ವಾಸಕ್ಕೆ ಒಪ್ಪುವ ಜಾಗ, ಉದ್ಯೋಗ ಭದ್ರತೆ. ‘ಅನಿಶ್ಚಿತತೆಯಿಂದ ದೂರವಿರುವ ಪ್ರವೃತ್ತಿ’ಯ ಕತೆಯೂ ಇದೇ. ಕೆಲಸದಲ್ಲಿ ಎಷ್ಟು ಒತ್ತಡ, ಕಂಪನಿಯ ನಿಯಮ ಮುರಿಯಬಹುದೇ, ಐದು ವರ್ಷದೊಳಗೆ ಕೆಲಸ ಬಿಡುತ್ತೀರಾ ಎಂಬ ಮೂರು ಪ್ರಶ್ನೆಗಳೇ ಆ ಸೂಚ್ಯಂಕ. ಹೊರಗೆ ಕೆಲಸ ಸಿಗುವುದು ಕಷ್ಟವಾಗಿದ್ದರೆ ಯಾರೂ ಬಿಡುವುದಿಲ್ಲ, ಸೂಚ್ಯಂಕ ಏರುತ್ತದೆ. ಅದು ಸಂಸ್ಕೃತಿಯೋ ಉದ್ಯೋಗ ಮಾರುಕಟ್ಟೆಯೋ ಎಂದು ಸೂತ್ರಕ್ಕೆ ಗೊತ್ತಾಗುವುದಿಲ್ಲ. ಯಾವ ಆಯಾಮವೇ ಇರಲಿ, ಹೆಸರನ್ನು ಬದಿಗಿಟ್ಟು ಪ್ರಶ್ನೆಗಳನ್ನು ತೆಗೆದು ಓದಿ. ಅರ್ಧ ಗೊಂದಲ ಅಲ್ಲೇ ಬಗೆಹರಿಯುತ್ತದೆ.

ಈಗ ನಿಮ್ಮ ಸಹೋದ್ಯೋಗಿಗಳು ಪಟ್ಟಿಗೆ ಯಾಕೆ ಹೊಂದುತ್ತಿಲ್ಲ ಎಂಬುದಕ್ಕೆ ಬರೋಣ. ಸರಾಸರಿಗಳ ನಡುವೆ ಕಂಡ ಸಂಬಂಧವನ್ನು ವ್ಯಕ್ತಿಗಳ ಮೇಲೆ ಹೇರುವ ತಪ್ಪಿಗೆ ಸಮಾಜಶಾಸ್ತ್ರದಲ್ಲಿ ಹಳೆಯ ಪಾಠವೊಂದಿದೆ. 1950ರಲ್ಲಿ ವಿಲಿಯಂ ರಾಬಿನ್ಸನ್ ಅಮೆರಿಕದ 1930ರ ಜನಗಣತಿಯನ್ನು ತೆಗೆದು ನೋಡಿದರು. ರಾಜ್ಯಗಳ ಮಟ್ಟದಲ್ಲಿ ವಿದೇಶದಲ್ಲಿ ಹುಟ್ಟಿದವರ ಪ್ರಮಾಣ ಹೆಚ್ಚಿದ್ದಲ್ಲಿ ನಿರಕ್ಷರತೆ ಕಡಿಮೆ: ಸಹಸಂಬಂಧ (ಎರಡು ಸಂಗತಿ ಒಟ್ಟಿಗೆ ಏರಿಳಿಯುವುದರ ಅಳತೆ, –1ರಿಂದ +1ರವರೆಗೆ) –0.53. ಅದೇ ಜನರನ್ನು ಒಬ್ಬೊಬ್ಬರಾಗಿ ನೋಡಿದರೆ ಚಿಹ್ನೆಯೇ ತಿರುಗಿತು: +0.12, ಅಂದರೆ ವಲಸಿಗರಲ್ಲೇ ನಿರಕ್ಷರತೆ ಸ್ವಲ್ಪ ಹೆಚ್ಚು. ವಲಸಿಗರು ಹೋಗಿ ನೆಲೆಸಿದ್ದು ಸ್ಥಳೀಯರು ಹೆಚ್ಚು ಓದಿದ್ದ ರಾಜ್ಯಗಳಲ್ಲಿ, ಅಷ್ಟೇ. ಗುಂಪಿನ ಮಟ್ಟದ ಸಂಖ್ಯೆ ವ್ಯಕ್ತಿಯ ಮಟ್ಟದಲ್ಲಿ ದುರ್ಬಲವಾಗುವುದು ಮಾತ್ರವಲ್ಲ, ಪೂರಾ ಉಲ್ಟಾ ಆಗಬಹುದು. ತಮ್ಮ ಅಂಕಗಳನ್ನು ವ್ಯಕ್ತಿಗಳಿಗೆ ಅನ್ವಯಿಸಬಾರದೆಂದು ಹಾಫ್‌ಸ್ಟೆಡ್ ಅವರೇ ಮತ್ತೆ ಮತ್ತೆ ಬರೆದಿದ್ದಾರೆ. ಆಯಾಮಗಳು ನಿಜವಾಗಿ ‘ಇರುವ’ ವಸ್ತುಗಳಲ್ಲ, ಯೋಚನೆಗೆಂದು ಕಟ್ಟಿಕೊಂಡ ಸಾಧನಗಳು ಎಂದೂ 2002ರಲ್ಲಿ ಹೇಳಿದ್ದಾರೆ. ಅವರ ಹೆಸರಿನಲ್ಲಿ ನಡೆಯುವ ತರಬೇತಿಗಳಿಗೆ ಈ ಮಾತು ತಲುಪಿದಂತಿಲ್ಲ.

ವ್ಯಕ್ತಿಗಳ ನಡುವೆ ಎಷ್ಟು ಹರವು ಇದೆ? ವಾಸ್ ತಾರಾಸ್ ಮತ್ತು ಸಂಗಡಿಗರು 2016ರಲ್ಲಿ 558 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಕೆಲಸಕ್ಕೆ ಸಂಬಂಧಿಸಿದ ಸಾಂಸ್ಕೃತಿಕ ಮೌಲ್ಯಗಳ ಒಟ್ಟು ವ್ಯತ್ಯಾಸದಲ್ಲಿ ಸುಮಾರು ಶೇ. 80 ದೇಶಗಳ ಒಳಗೇ ಇತ್ತು. ದೇಶ-ದೇಶಗಳ ನಡುವೆ ಇದ್ದದ್ದು ಉಳಿದ ಶೇ. 20. ಇದನ್ನು ದಿನದ ಲೆಕ್ಕಕ್ಕೆ ಇಳಿಸಬಹುದು. ಈ ಅನುಪಾತದಲ್ಲಿ ಯಾವುದೋ ಎರಡು ದೇಶಗಳನ್ನು ಎತ್ತಿಕೊಂಡರೆ ಅವುಗಳ ಸರಾಸರಿಗಳ ನಡುವೆ ಅರ್ಧ ಮಾನಕ ವಿಚಲನೆಗಿಂತ (ಒಂದು ದೇಶದೊಳಗಿನ ಜನರ ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ ಅದು) ತುಸು ಹೆಚ್ಚು ಅಂತರ ಸಾಮಾನ್ಯ. ಅರ್ಧದಷ್ಟು ಅಂತರವಿದ್ದರೆ, ಹೆಚ್ಚು ಅಂಕದ ದೇಶದ ಒಬ್ಬರನ್ನೂ ಕಡಿಮೆ ಅಂಕದ ದೇಶದ ಒಬ್ಬರನ್ನೂ ಕಣ್ಣುಮುಚ್ಚಿ ಆರಿಸಿದಾಗ, ಪಟ್ಟಿ ಹೇಳಿದಂತೆ ಮೊದಲಿನವರೇ ಮುಂದಿರುವುದು ನೂರಕ್ಕೆ 64 ಸಲ. ನಾಣ್ಯ ಚಿಮ್ಮಿದರೆ 50 ಸಿಗುತ್ತದೆ. ಪೂರ್ತಿ ಒಂದು ಮಾನಕ ವಿಚಲನೆಯಷ್ಟು ದೊಡ್ಡ ಅಂತರವಿದ್ದರೂ 76. ‘ಹಲವರು ಹೊಂದುವುದಿಲ್ಲ’ ಎಂದಿರಲ್ಲ, ಲೆಕ್ಕವೂ ಅದನ್ನೇ ಹೇಳುತ್ತಿದೆ. ಮೇಲಾಗಿ ಬಹುರಾಷ್ಟ್ರೀಯ ಕಂಪನಿಗೆ ಆಯ್ಕೆಯಾಗಿ ಬಂದವರು ತಮ್ಮ ದೇಶದ ಯಾದೃಚ್ಛಿಕ ಮಾದರಿಯಲ್ಲ.

ಹಾಗೆಂದು ‘ರಾಷ್ಟ್ರೀಯ ಸಂಸ್ಕೃತಿ ಎಂಬುದೇ ಸುಳ್ಳು’ ಎನ್ನುವ ಗುಂಪಿಗೂ ಸೇರಬೇಡಿ. ಮೈಕೆಲ್ ಮಿಂಕೊವ್ ಮತ್ತು ಹಾಫ್‌ಸ್ಟೆಡ್ 2012ರಲ್ಲಿ 28 ದೇಶಗಳ 299 ಒಳಪ್ರದೇಶಗಳ ಮೌಲ್ಯಗಳನ್ನು ವಿಂಗಡಿಸಿದಾಗ ಬಹುಪಾಲು ಪ್ರದೇಶಗಳು ತಮ್ಮ ತಮ್ಮ ದೇಶದ ಗುಂಪಿನಲ್ಲೇ ಬಂದು ಕೂತವು. ಬೆಲ್ಜಿಯಂನ ಡಚ್ ಭಾಷಿಕರು ಐಬಿಎಂ ದತ್ತಾಂಶದಲ್ಲಿ ತಮ್ಮ ದೇಶದ ಫ್ರೆಂಚ್ ಭಾಷಿಕರಿಗೆ ಹತ್ತಿರವಾಗಿದ್ದರು, ಅದೇ ಭಾಷೆಯ ನೆದರ್ಲೆಂಡ್ಸಿನವರಿಂದ ದೂರ. ಒಂದೇ ಶಾಲಾ ವ್ಯವಸ್ಥೆ, ಒಂದೇ ಕಾನೂನು, ಒಂದೇ ಆಡಳಿತ ನೂರಾರು ವರ್ಷ ನಡೆದರೆ ಗಡಿಗೆ ತೂಕ ಬರುತ್ತದೆ. ಇದಕ್ಕೆ ಎದುರಾಗಿ ಚೀನಾದ ಉದಾಹರಣೆಯೂ ಇದೆ. 2014ರಲ್ಲಿ ಥಾಮಸ್ ಟಾಲ್‌ಹೆಲ್ಮ್ ಮತ್ತು ಸಂಗಡಿಗರು ಅಲ್ಲಿನ ಬಹುಸಂಖ್ಯಾತ ಹಾನ್ ಜನಾಂಗದ 1,162 ವಿದ್ಯಾರ್ಥಿಗಳನ್ನು ಪರೀಕ್ಷಿಸಿದರು. ಭತ್ತ ಬೆಳೆಯುವ ದಕ್ಷಿಣದವರ ಆಲೋಚನೆ ಹೆಚ್ಚು ಪರಸ್ಪರಾವಲಂಬಿ, ಗೋಧಿ ಬೆಳೆಯುವ ಉತ್ತರದವರದು ಹೆಚ್ಚು ವ್ಯಕ್ತಿವಾದಿ. ಅಮೆರಿಕದ ರಾಜ್ಯಗಳಿಗೆ 1999ರಲ್ಲಿ ಕಟ್ಟಿದ ಸಮೂಹನಿಷ್ಠೆಯ ಸೂಚ್ಯಂಕದಲ್ಲಿ ಹವಾಯಿ 91, ಮೊಂಟಾನಾ 31. ದೇಶ ಒಂದು ಪದರ, ಏಕೈಕ ಪದರವಲ್ಲ.

ಆರು ಆಯಾಮಗಳೂ ಸಮಾನ ಗಟ್ಟಿಯಲ್ಲ. ಇದನ್ನು ತರಬೇತಿಗಳಲ್ಲಿ ಯಾರೂ ಹೇಳುವುದಿಲ್ಲ, ನನ್ನ ಮಟ್ಟಿಗೆ ಅತಿ ಮುಖ್ಯವಾದ ಸಂಗತಿ ಇದೇ. ವ್ಯಕ್ತಿವಾದ–ಸಮೂಹನಿಷ್ಠೆಯ ಆಯಾಮ ಬೇರೆ ಬೇರೆ ಸಂಶೋಧಕರು, ಬೇರೆ ಪ್ರಶ್ನೆಗಳು, ಬೇರೆ ಮಾದರಿಗಳಲ್ಲಿ ಮರುಕಳಿಸುತ್ತದೆ. 19 ದೇಶಗಳ 9,400 ವಿಮಾನ ಚಾಲಕರ ಮೇಲೆ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಅದು ಮತ್ತು ಅಧಿಕಾರ ಅಂತರ ಬಲವಾಗಿ ಕಂಡವು, ಮೊದಲ ನಾಲ್ಕರಲ್ಲಿ ಉಳಿದೆರಡು ಅಷ್ಟು ಬಲವಾಗಿ ಅಲ್ಲ. ಆದರೆ ಈ ಎರಡು ನಿಜಕ್ಕೂ ಎರಡೇ? 1980ರ ವಿಶ್ಲೇಷಣೆಯಲ್ಲಿ ಅವು ಒಂದೇ ಅಂಶವಾಗಿ, ಅಂದರೆ ಒಟ್ಟಿಗೇ ಏರಿಳಿಯುವ ಒಂದೇ ಗುಂಪಾಗಿ ಹೊರಬಿದ್ದಿದ್ದವು. ಪರಿಕಲ್ಪನೆಯ ದೃಷ್ಟಿಯಿಂದ ಬೇರೆ ಎಂದು ಹಾಫ್‌ಸ್ಟೆಡ್ ಅವನ್ನು ಸೀಳಿದರು. ಎರಡೂ ದೇಶದ ತಲಾ ಆದಾಯದೊಂದಿಗೆ ಗಾಢವಾಗಿ ಹೆಣೆದುಕೊಂಡಿವೆ. ಹಾಗಾಗಿ ‘ವ್ಯಕ್ತಿವಾದದ ಪರಿಣಾಮ’ ಎಂದು ತೋರಿದ್ದು ಎಷ್ಟೋ ಸಲ ಸಿರಿತನದ ಪರಿಣಾಮವಾಗಿರುತ್ತದೆ. ದೀರ್ಘಕಾಲೀನ ದೃಷ್ಟಿ 1987ರಲ್ಲಿ ಮೈಕೆಲ್ ಬಾಂಡ್ ಅವರ ಚೀನೀ ಮೌಲ್ಯ ಸಮೀಕ್ಷೆಯಿಂದ, ಭೋಗ–ಸಂಯಮ 2010ರಲ್ಲಿ ಮಿಂಕೊವ್ ಮೂಲಕ ವಿಶ್ವ ಮೌಲ್ಯ ಸಮೀಕ್ಷೆಯಿಂದ ಬಂದವು. ಅಂದರೆ ಪಟ್ಟಿಯ ಒಂದೇ ಸಾಲಿನಲ್ಲಿ ಬೇರೆ ಬೇರೆ ಕಾಲದ, ಬೇರೆ ಬೇರೆ ಜನರ ಉತ್ತರಗಳು ಒಟ್ಟಿಗೆ ಕೂತಿವೆ.

ಅನಿಶ್ಚಿತತೆಯ ಆಯಾಮದ ಸ್ಥಿತಿ ನೋಡಿ. ರಾಬರ್ಟ್ ಹೌಸ್ ನೇತೃತ್ವದ ಗ್ಲೋಬ್ ಯೋಜನೆ 62 ಸಮಾಜಗಳ ಸುಮಾರು 17,000 ಮಧ್ಯಮ ಹಂತದ ವ್ಯವಸ್ಥಾಪಕರನ್ನು ಕೇಳಿ, 2004ರಲ್ಲಿ ಒಂಬತ್ತು ಆಯಾಮಗಳ ಫಲಿತಾಂಶ ಕೊಟ್ಟಿತು. ಹಾಫ್‌ಸ್ಟೆಡ್ ಪಟ್ಟಿಯಲ್ಲಿ ಈ ಆಯಾಮದ ತುತ್ತತುದಿಯಲ್ಲಿರುವ ಗ್ರೀಸ್, ಗ್ಲೋಬ್‌ನ ‘ಈಗ ಹೇಗಿದೆ’ ಅಳತೆಯಲ್ಲಿ ಕೆಳಸಾಲಿಗೆ ಬಿದ್ದಿದೆ. ಹಾಫ್‌ಸ್ಟೆಡ್‌ನಲ್ಲಿ 29 ಪಡೆದ ಸ್ವೀಡನ್ ಗ್ಲೋಬ್‌ನಲ್ಲಿ ಮೇಲ್ತುದಿಯಲ್ಲಿದೆ. ಹೆಸರು ಒಂದೇ, ಫಲಿತಾಂಶ ತಲೆಕೆಳಗು. ಒಂದು ಅಳೆಯುತ್ತಿರುವುದು ಆತಂಕವನ್ನು, ಇನ್ನೊಂದು ಅಳೆಯುತ್ತಿರುವುದು ಸಮಾಜದಲ್ಲಿ ಕಾಣುವ ಅಚ್ಚುಕಟ್ಟನ್ನು. ಗ್ಲೋಬ್ ‘ಹೇಗಿದೆ’ ಎಂದೂ ‘ಹೇಗಿರಬೇಕು’ ಎಂದೂ ಎರಡು ಸಲ ಕೇಳಿತ್ತು. ಒಂಬತ್ತರಲ್ಲಿ ಏಳು ಆಯಾಮಗಳಲ್ಲಿ ಈ ಎರಡರ ಸಂಬಂಧ ಋಣಾತ್ಮಕ. ಜನ ತಮ್ಮಲ್ಲಿ ಯಾವುದು ಸಾಲದು ಅನ್ನಿಸುತ್ತದೋ ಅದನ್ನೇ ಹೆಚ್ಚು ಬೇಕೆನ್ನುತ್ತಾರೆ. ಹಾಗಾದರೆ ಮೌಲ್ಯ ಕೇಳಿ ನಡವಳಿಕೆ ಊಹಿಸುವ ಇಡೀ ಪದ್ಧತಿಯ ಗತಿ ಏನು? ಈ ಪ್ರಶ್ನೆಗೆ ಆಯಾಮವಾದಿಗಳಿಂದ ತೃಪ್ತಿಕರ ಉತ್ತರ ಬಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಅಂಕ ಕೊಡುವ ಮನುಷ್ಯನ ಸಮಸ್ಯೆ ಬೇರೆ. ‘ನಾನು ಕುಟುಂಬಕ್ಕೆ ಆದ್ಯತೆ ಕೊಡುತ್ತೇನೆ’ ಎಂಬ ಮಾತಿಗೆ 1ರಿಂದ 5ರಲ್ಲಿ ಗುರುತು ಹಾಕುವಾಗ ಎಲ್ಲರೂ ತಮ್ಮನ್ನು ಹೋಲಿಸಿಕೊಳ್ಳುವುದು ಸುತ್ತಲಿನವರೊಂದಿಗೆ, ದೂರದ ದೇಶದವರೊಂದಿಗಲ್ಲ. ಎಲ್ಲರೂ ಕುಟುಂಬನಿಷ್ಠರಿರುವಲ್ಲಿ ತೀರಾ ನಿಷ್ಠರೂ 3 ಹಾಕಬಹುದು. ಸ್ಟೀವನ್ ಹೈನ್ ಮತ್ತು ಸಂಗಡಿಗರು 2002ರಲ್ಲಿ ಇದನ್ನು ತೋರಿಸಿದರು: ಹೋಲಿಸಬೇಕಾದ ಗುಂಪನ್ನು ಹೆಸರಿಸಿ ಕೇಳಿದಾಗ ನಿರೀಕ್ಷಿತ ವ್ಯತ್ಯಾಸ ಕಂಡಿತು, ಸುಮ್ಮನೆ ಕೇಳಿದಾಗ ಮಾಯವಾಯಿತು. ಇದರ ಜೊತೆಗೆ ಕೆಲವು ಕಡೆ ಎಲ್ಲಕ್ಕೂ ಹೌದು ಎನ್ನುವ, ಕೆಲವು ಕಡೆ ನಟ್ಟನಡುವಿನ ಗುರುತಿಗೇ ಒರಗುವ ಅಭ್ಯಾಸ ಸೇರಿಕೊಳ್ಳುತ್ತದೆ.

ಅಂಕಗಳೇನು ಶಾಶ್ವತವೇ? 2023ರಲ್ಲಿ ಹಾಫ್‌ಸ್ಟೆಡ್ ಹೆಸರಿನ ಸಲಹಾ ಸಂಸ್ಥೆ ಹೊಸ ದತ್ತಾಂಶ ಆಧರಿಸಿ ವ್ಯಕ್ತಿವಾದದ ಅಂಕಗಳನ್ನು ಪರಿಷ್ಕರಿಸಿತು. ಅಮೆರಿಕ 91ರಿಂದ 60ಕ್ಕೆ ಇಳಿಯಿತು, ಜಪಾನ್ 46ರಿಂದ 62ಕ್ಕೆ ಏರಿತು. ದಶಕಗಳ ಕಾಲ ಪಠ್ಯಪುಸ್ತಕಗಳು ಎದುರುಬದುರಾಗಿ ನಿಲ್ಲಿಸಿದ್ದ ಎರಡು ದೇಶಗಳ ಸ್ಥಾನ ಅದಲುಬದಲಾಯಿತು. ಜನ ಅಷ್ಟು ಬದಲಾದರು ಎನ್ನುವುದಕ್ಕಿಂತ ಅಳೆಯುವ ಕೋಲು ಬದಲಾಯಿತು ಎನ್ನುವುದು ಸರಿ. ಒಂದೇ ಕೋಲು ಹಿಡಿದು ತಲೆಮಾರುಗಳನ್ನು ಹೋಲಿಸಿದ 2015ರ ಅಧ್ಯಯನವೊಂದರಲ್ಲಿ ಹೆಚ್ಚಿನ ದೇಶಗಳು ಒಟ್ಟಿಗೇ ವ್ಯಕ್ತಿವಾದದ ಕಡೆ ಸರಿದಿದ್ದವು, ಅಧಿಕಾರ ಅಂತರ ತಗ್ಗಿತ್ತು, ಆದರೆ ದೇಶಗಳ ಪರಸ್ಪರ ಸ್ಥಾನ ಹೆಚ್ಚು ಕದಲಿರಲಿಲ್ಲ.

ನಿಮ್ಮ ಪ್ರಬಂಧಕ್ಕೆ ಬೇಕಾದದ್ದು ಇಷ್ಟು. ಮೊದಲು ನಿಮ್ಮ ಪ್ರಶ್ನೆ ಯಾವ ಮಟ್ಟದ್ದು ಎಂದು ಗೊತ್ತುಮಾಡಿಕೊಳ್ಳಿ. ‘ಈ ನೌಕರರು ಹೀಗೇಕೆ ನಡೆದುಕೊಳ್ಳುತ್ತಾರೆ’ ಎಂಬುದು ವ್ಯಕ್ತಿಮಟ್ಟದ ಪ್ರಶ್ನೆ. ಅದಕ್ಕೆ ಪ್ರತಿಯೊಬ್ಬರಿಗೂ ಅವರ ದೇಶದ ಅಂಕವನ್ನು ಅಂಟಿಸಿದರೆ ಪರೀಕ್ಷಕರು ಅಲ್ಲೇ ಹಿಡಿಯುತ್ತಾರೆ, ಹಿಡಿಯಬೇಕು ಕೂಡ. ಆ ಕೆಲಸಕ್ಕೆ ವ್ಯಕ್ತಿಮಟ್ಟದಲ್ಲೇ ಅಳೆಯುವ ಮಾಪಕ ಬೇಕು. ಯೂ, ಡೊಂತು ಮತ್ತು ಲೆನಾರ್ಟೊವಿಚ್ 2011ರಲ್ಲಿ ಪ್ರಕಟಿಸಿದ 26 ಪ್ರಶ್ನೆಗಳ ಸಿವಿ-ಸ್ಕೇಲ್ ಅಂಥದ್ದು. ಹಾಫ್‌ಸ್ಟೆಡ್ ಅವರ 2013ರ ಮೌಲ್ಯ ಸಮೀಕ್ಷೆಯ ಪ್ರಶ್ನಾವಳಿಯನ್ನು (ವಿಎಸ್‌ಎಂ) ಇದಕ್ಕೆ ಬಳಸಬೇಡಿ. ಅದರ ಕೈಪಿಡಿಯೇ ಅದು ವ್ಯಕ್ತಿಗಳ ಹೋಲಿಕೆಗಲ್ಲ ಎನ್ನುತ್ತದೆ. ಒಂದು ಗುಂಪಿಗೆ 50 ಜನ ಇದ್ದರೆ ಒಳ್ಳೆಯದು, 20ಕ್ಕಿಂತ ಕಡಿಮೆಯಿದ್ದರೆ ಬಳಸಲೇಬಾರದು ಎಂದೂ ಹೇಳುತ್ತದೆ. ಒಂದೇ ದೇಶದಲ್ಲಿ ಅದನ್ನು ತುಂಬಿಸಿ, ಬಂದ ಸಂಖ್ಯೆಯನ್ನು ಹಳೆಯ ಐಬಿಎಂ ಪಟ್ಟಿಯ ಪಕ್ಕ ಇಟ್ಟು ‘ಸಂಸ್ಕೃತಿ ಬದಲಾಗಿದೆ’ ಎಂದು ತೀರ್ಮಾನಿಸುವುದು ಪ್ರಬಂಧಗಳಲ್ಲಿ ಪದೇ ಪದೇ ಕಾಣುವ ತಪ್ಪು. ಸ್ಥಿರಾಂಕ ಬೇರೆ, ಮಾದರಿ ಬೇರೆ, ಹೋಲಿಕೆಗೆ ಆಧಾರವೇ ಇಲ್ಲ.

ಎರಡು ದೇಶಗಳಿಂದ ನೀವೇ ದತ್ತಾಂಶ ಸಂಗ್ರಹಿಸುವುದಾದರೆ ವಯಸ್ಸು, ಶಿಕ್ಷಣ, ಹುದ್ದೆ ಎರಡೂ ಕಡೆ ಹೊಂದಿರಲಿ. ಪ್ರಶ್ನಾವಳಿಯನ್ನು ಒಬ್ಬರು ಅನುವಾದಿಸಲಿ, ಮೂಲ ನೋಡದ ಇನ್ನೊಬ್ಬರು ಮರಳಿ ಮೂಲಭಾಷೆಗೆ ತರಲಿ, ತಪ್ಪಿದ ಕಡೆ ತಿದ್ದಿ. ಸರಾಸರಿಗಳನ್ನು ಹೋಲಿಸುವ ಮೊದಲು ಮಾಪಕ ಎರಡೂ ಕಡೆ ಒಂದೇ ರೀತಿ ಕೆಲಸ ಮಾಡುತ್ತಿದೆಯೇ ಎಂದು ಪರೀಕ್ಷಿಸಲೇಬೇಕು: ರಚನೆ ಒಂದೇ ಇದೆಯೇ, ಅಂಶಭಾರ (ಪ್ರತಿ ಪ್ರಶ್ನೆ ಆಯಾಮಕ್ಕೆ ಎಷ್ಟು ಬಿಗಿಯಾಗಿ ಅಂಟಿದೆ ಎಂಬುದು) ಸಮವೇ, ಆರಂಭಬಿಂದು (ಆಯಾಮದಲ್ಲಿ ಸಮನಾಗಿರುವವರು ಪ್ರಶ್ನೆಗೆ ಎಲ್ಲಿಂದ ಗುರುತು ಹಾಕಲು ತೊಡಗುತ್ತಾರೆ ಎಂಬುದು) ಸಮವೇ, ಈ ಕ್ರಮದಲ್ಲಿ. ಪ್ರತಿ ಹೆಜ್ಜೆಯಲ್ಲಿ ಸಿಎಫ್‌ಐ (ಊಹಿಸಿದ ರಚನೆ ದತ್ತಾಂಶಕ್ಕೆ ಎಷ್ಟು ಹೊಂದುತ್ತದೆ ಎಂಬ ಸೂಚ್ಯಂಕ) ಮೌಲ್ಯ 0.01ಕ್ಕಿಂತ ಹೆಚ್ಚು ಕುಸಿದರೆ ಸಮಾನತೆ ಮುರಿದಿದೆ ಎಂದು ಲೆಕ್ಕ. ಮೂರನೆಯ ಹೆಜ್ಜೆ ದಾಟದಿದ್ದರೆ ಸರಾಸರಿ ಹೋಲಿಸಬೇಡಿ. ಸಂಬಂಧಗಳನ್ನು ಮಾತ್ರ ಹೋಲಿಸಿ, ಹಾಗೆಂದು ಬರೆಯಿರಿ. ಹತ್ತಾರು ದೇಶಗಳ ಅಧ್ಯಯನವಾದರೆ ತಲಾ ಆದಾಯದ ಪ್ರಭಾವ ಬೇರ್ಪಡಿಸಲು ಅದನ್ನು ನಿಯಂತ್ರಣ ಚರವಾಗಿ ಹಾಕಿ, ಆಮೇಲೆ ಉಳಿಯುವುದೇನೆಂದು ನೋಡಿ. ‘ಸಾಂಸ್ಕೃತಿಕ ದೂರ’ಕ್ಕೆ ಕೋಗಟ್ ಮತ್ತು ಸಿಂಗ್ ಅವರ 1988ರ ಸೂತ್ರವನ್ನು ಯಾರಾದರೂ ಸೂಚಿಸಬಹುದು. ಅದು ಮೊದಲ ನಾಲ್ಕು ಆಯಾಮಗಳಿಗೂ ಒಂದೇ ತೂಕ ಕೊಡುತ್ತದೆ, ಈ ದೇಶದಿಂದ ಆ ದೇಶಕ್ಕೆ ಹೋಗುವ ಕಷ್ಟವೂ ಮರಳಿ ಬರುವ ಕಷ್ಟವೂ ಸಮ ಎಂದು ಹಿಡಿಯುತ್ತದೆ, ದೂರದ ಬದಲು ದೂರದ ವರ್ಗವನ್ನು (ದೂರವನ್ನು ಅದರಿಂದಲೇ ಗುಣಿಸಿದ ಸಂಖ್ಯೆಯನ್ನು) ಕೊಡುತ್ತದೆ. ಬಳಸಲೇಬೇಕಾದರೆ ಒಂದೊಂದು ಆಯಾಮದ ಫಲಿತಾಂಶವನ್ನೂ ಬೇರೆ ಬೇರೆಯಾಗಿ ಕೊಡಿ.

ತಂಡದ ಕೆಲಸಕ್ಕೆ ಅಂಕಪಟ್ಟಿ ಬೇಕಾಗಿಯೇ ಇಲ್ಲ. ಸಭೆಯಲ್ಲಿ ಒಬ್ಬರು ಮಾತಾಡುತ್ತಿಲ್ಲವೆಂದರೆ ಅಧಿಕಾರ ಅಂತರಕ್ಕೆ ಹೋಗುವ ಮೊದಲು ಇವನ್ನು ನೋಡಿ: ಮಾತಿನ ವೇಗಕ್ಕೆ ಭಾಷೆ ಸಾಲುತ್ತಿದೆಯೇ, ಅವರು ಹೊಸಬರೇ, ಗುತ್ತಿಗೆ ಅಥವಾ ವೀಸಾ ಮೇಲಧಿಕಾರಿಯ ಕೈಯಲ್ಲಿದೆಯೇ, ಹಿಂದೊಮ್ಮೆ ಆಕ್ಷೇಪ ಎತ್ತಿ ಬೈಸಿಕೊಂಡಿದ್ದಾರೆಯೇ, ಸಭೆ ಅವರಿಗೆ ನಡುರಾತ್ರಿ ಬೀಳುತ್ತದೆಯೇ. ಇವೆಲ್ಲ ಬದಲಿಸಬಹುದಾದ ಕಾರಣಗಳು. ನಿರ್ಧಾರದ ಸಭೆಗೆ ಒಂದು ದಿನ ಮೊದಲು ‘ಈ ಯೋಜನೆ ಎಲ್ಲಿ ಕೈಕೊಡಬಹುದು, ಎರಡು ಕಾರಣ ಬರೆದು ಕಳಿಸಿ’ ಎಂದು ಎಲ್ಲರಿಂದಲೂ ತರಿಸಿಕೊಳ್ಳಿ, ಹಿರಿಯರು ಕೊನೆಗೆ ಮಾತಾಡಲಿ. ‘ಶುಕ್ರವಾರದೊಳಗೆ’ ಎಂದರೆ ಕರಡೋ ಅಂತಿಮ ಪ್ರತಿಯೋ, ತಡವಾದರೆ ಯಾವಾಗ ತಿಳಿಸಬೇಕು, ಯಾರ ಒಪ್ಪಿಗೆ ಸಾಕು ಎಂಬುದನ್ನು ಒಂದು ಪುಟದಲ್ಲಿ ಬರೆದಿಡಿ. ದೇಶದ ಅಂಕ 18 ಇರಲಿ 104 ಇರಲಿ, ಈ ಪುಟ ಬದಲಾಗುವುದಿಲ್ಲ.